ಪೀಪಿಯ ಹಲ್ಲಿನ ಹಳ್ಳ

ಕೋಪದಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎಂದು ಗಾದೆ ಇದೆ. ಹಲ್ಲಿನ ಬಗ್ಗೆ ಆ ಗಾದೆ ಕಟ್ಟಿದವರು ಏನೂ ಹೇಳಿಲ್ಲ. ಹಲ್ಲಾದರೆ ಬರುತ್ತದೆ, ನಾನು ಮಾಡಿಕೊಡುತ್ತೇನೆ. ಮದುವೆಗೆ ಮುಂಚಿನಿಂದಲೂ ನನ್ನ ಕಸುಬು ಅದೇ. ಡಾಕ್ಟರಮ್ಮನ ಕ್ಲಿನಿಕ್ಕು ಮೇಲಿನ ಮಹಡಿಯಲ್ಲಿ, ನನ್ನ ಲ್ಯಾಬು ಕೆಳಗೆ, ರಸ್ತೆಗೆ ಮುಖ ಮಾಡಿ. ಅವರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಆ ಬಾಯಿಯನ್ನು ಮೇಜಿನ ಮೇಲೆ ಕೂರಿಸಿಕೊಂಡು, ಇಲ್ಲದ ಹಲ್ಲನ್ನು ಇದ್ದ ಹಾಗೆ ಮಾಡುತ್ತೇನೆ. ದಾರಿಯಲ್ಲಿ ಯಾರಾದರೂ ನಕ್ಕರೆ ನನಗೆ ಮುಖಕ್ಕಿಂತ ಮೊದಲು ಹಲ್ಲಿನ ಗುರುತು ಹತ್ತುತ್ತದೆ. ಆದರೆ ಸ್ವಂತ ಮಗಳು ಮುರಿದ ಹಲ್ಲನ್ನು ನಾನೇ ಮಾಡಬೇಕಾದೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮಗಳಿಗೆ ಹದಿನೇಳು. ಹುಟ್ಟಾ ಹಠಮಾರಿಯಾದ್ದರಿಂದ ಅವಳ ತಾತ ಇಟ್ಟ ಅಡ್ಡಹೆಸರು ಚಂಡಿ, ಅದೇ ಉಳಿದುಬಿಟ್ಟಿತು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದು ಯಾರ ಕಡೆಯಿಂದ ಬಂತೆಂದು ನಮ್ಮ ಮನೆಯವರನ್ನು ಕೇಳಿದರೆ ಅವರು ಒಮ್ಮೆ ನನ್ನ ಮುಖ ನೋಡಿ ಪೇಪರ್ ಓದತೊಡಗುತ್ತಾರೆ. ಕೋಪವನ್ನಾದರೂ ಸಹಿಸಬಹುದಿತ್ತು. ಕಳೆದ ವರ್ಷದಿಂದ ಶನಿವಾರ ಸಂಜೆ ಗೆಳತಿಯರ ಮನೆಗೆ ‘ಓದೋಕೆ’ ಹೋಗಿ ಬಂದವಳ ಬಾಯಲ್ಲಿ ಪುದೀನ ಮಿಠಾಯಿಯ ವಾಸನೆ ಹೆಚ್ಚಾಗತೊಡಗಿತು. ಹಲ್ಲು ಮಾಡುವವಳ ಮನೆಯಲ್ಲಿ ಯಾರೂ ಅಷ್ಟು ಮಿಠಾಯಿ ತಿನ್ನುವುದಿಲ್ಲ. ಒಂದು ದಿನ ಎದುರು ನಿಲ್ಲಿಸಿಕೊಂಡು ಕೇಳಿಯೇಬಿಟ್ಟೆ.

“ಮುಂದೆ ಏನಾಗ್ಬೇಕು ಅಂತಿದೀಯ? ನಾಳೆ ಬಗ್ಗೆ ತಲೇಲಿ ಏನಾದ್ರೂ ಇದ್ಯಾ?”

“ನಾಳೆ ಭಾನುವಾರ,” ಎಂದಳು.

ನಮ್ಮ ಮನೆಯವರು ಪೇಪರಿನ ಹಿಂದೆ ನಕ್ಕರು. ನಾನು ನಗಲಿಲ್ಲ. ಅವಳ ಪಾಲಿಗೆ ನಾಳೆ ಎಂದರೆ ಕ್ಯಾಲೆಂಡರಿನ ಒಂದು ಚೌಕ, ಅದರಾಚೆಗೆ ಗೋಡೆ.

ಅದಾದ ಕೆಲವೇ ವಾರಕ್ಕೆ, ಅಪ್ಪ ಅಮ್ಮ ಊರಲ್ಲಿಲ್ಲದ ಯಾರದೋ ಮನೆಯಲ್ಲಿ ಕ್ಲಾಸಿನ ಮಕ್ಕಳೆಲ್ಲ ಸೇರಿದರು. ಕಪಾಟಿನಲ್ಲಿದ್ದ ದೊಡ್ಡವರ ಬಾಟಲಿ ಕಿತ್ತಳೆ ರಸದ ಜೊತೆ ಲೋಟಗಳಿಗೆ ಇಳಿಯಿತು. ಅಲ್ಲಿ ಪೀಪಿಯೂ ಇದ್ದಳು. ಪೀಪಿ ಎಂದರೆ ಚಂಡಿಯ ಜೊತೆ ಐದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತ ಹುಡುಗಿ. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ, ಅದಕ್ಕೇ ಆ ಹೆಸರು. ಚಂಡಿ ನಾಲ್ಕನೇ ಲೋಟಕ್ಕೆ ಕೈ ಹಾಕಿದಾಗ ಪೀಪಿ ಬಾಟಲಿಯನ್ನು ಪಕ್ಕಕ್ಕಿಟ್ಟು, “ಸಾಕು ಕಣೆ, ನಾಳೆ ನಿಂಗೇ ನಾಚಿಕೆ ಆಗತ್ತೆ,” ಎಂದಳಂತೆ. ಅಷ್ಟೇ ಮಾತು. ನನ್ನ ಮಗಳು ಬಾಟಲಿ ಕಿತ್ತುಕೊಂಡು ಬೀಸಿದಳು. ಅದರ ತಳ ಪೀಪಿಯ ಬಾಯಿಗೆ ತಗುಲಿ ಮೇಲಿನ ಮುಂಭಾಗದ ಹಲ್ಲೊಂದು ಬೇರಿನ ತನಕ ಸೀಳಿತು. ಡಾಕ್ಟರಮ್ಮನಿಗೆ ಅದನ್ನು ತೆಗೆಯದೆ ಬೇರೆ ದಾರಿಯಿರಲಿಲ್ಲ.

ಮರುದಿನ ಪೀಪಿಯ ಅಪ್ಪ ಲ್ಯಾಬಿಗೆ ಬಂದರು. ಬಸ್ ಡ್ರೈವರ್, ಸಮವಸ್ತ್ರದಲ್ಲೇ ಇದ್ದರು. ಕೂರಿ ಎಂದರೆ ಕೂರಲಿಲ್ಲ.

“ನಿಮ್ಮ ಮಗಳು ಮಾಡಿದ್ದಕ್ಕೆ ನಾನು ಈಗ ಪೊಲೀಸ್ ಸ್ಟೇಷನ್‌ನಲ್ಲಿ ಇರಬೇಕಿತ್ತು. ನನ್ನ ಮಗಳೇ ಬೇಡ ಅಂತ ಕೂತಿದಾಳೆ. ಮೊದ್ಲು ಹಲ್ಲು, ಆಮೇಲೆ ಜಗಳ ಅಂತಾಳೆ. ಮುಂದಿನ ತಿಂಗಳು ಸಂಗೀತ ಶಾಲೇಲಿ ಆಯ್ಕೆ ಪರೀಕ್ಷೆ ಇದೆ ಅವಳಿಗೆ. ಮೂರು ವರ್ಷದಿಂದ ಅದೊಂದಕ್ಕೇ ಕಾದಿದಾಳೆ. ಕ್ಲಾರಿನೆಟ್ಟಿಗೆ ಮೇಲಿನ ಹಲ್ಲು ಬೇಕು, ನಿಮಗೆ ಗೊತ್ತಾ?”

ಗೊತ್ತಿರಲಿಲ್ಲ. ವಾದ್ಯದ ತುದಿಯನ್ನು ಮೇಲಿನ ಹಲ್ಲುಗಳಿಂದ ಒತ್ತಿ ಹಿಡಿಯಬೇಕಂತೆ.

“ಅವಳು ಆ ದಿನ ನುಡಿಸಿದ್ರೆ ನಾನು ಸ್ಟೇಷನ್ ಮೆಟ್ಲು ಹತ್ತಲ್ಲ. ನುಡಿಸೋಕಾಗ್ಲಿಲ್ಲ ಅಂದ್ರೆ ಹತ್ತೇ ಹತ್ತುತ್ತೀನಿ,” ಎಂದರು.

ನಾನು ಅವರಿಗೆ ಕೈ ಮುಗಿದೆ. ಯಾರಿಗೂ ಸುಲಭವಾಗಿ ಕೈ ಮುಗಿಯುವ ಜಾತಿಯವಳಲ್ಲ ನಾನು. ಆದರೆ ಕೇಸು ಬಿದ್ದರೆ ಶಾಲೆಯವರು ಇವಳ ಹೆಸರು ತೆಗೆಯುತ್ತಿದ್ದರು, ಆಮೇಲೆ ಇವಳು ಯಾವ ಬೀದಿಯ ಪಾಲಾಗುತ್ತಿದ್ದಳೋ. ಆ ಮನುಷ್ಯ ಅಷ್ಟು ನೋವಿನಲ್ಲೂ ನನ್ನ ಮಗಳಿಗೆ ಒಂದು ತಿಂಗಳ ಬಾಗಿಲು ತೆರೆದಿಟ್ಟು ಹೋದರು. ಆ ಉಪಕಾರವನ್ನು ಇವತ್ತಿಗೂ ಮರೆತಿಲ್ಲ.

ಹಲ್ಲು ಎಂಥದು ಎಂಬುದನ್ನು ಡಾಕ್ಟರಮ್ಮ ತೀರ್ಮಾನಿಸಿದರು. ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಶಾಶ್ವತ ಹಲ್ಲನ್ನು ಈ ವಯಸ್ಸಿಗೆ ಹಾಕುವಂತಿಲ್ಲ. ದವಡೆ ಇನ್ನೂ ಬೆಳೆಯುತ್ತಿರುತ್ತದೆ. ಮುಖ ಮುಂದೆ ಹೋಗಿ ಹಲ್ಲು ಹಿಂದೆಯೇ ಉಳಿಯುತ್ತದೆ. ಅಲ್ಲಿಯ ತನಕ ರೆಕ್ಕೆಯ ಹಲ್ಲು. ಪಿಂಗಾಣಿಯ ಹಲ್ಲಿನ ಬೆನ್ನಿಗೆ ಅತ್ತೊಂದು ಇತ್ತೊಂದು ತೆಳುವಾದ ಲೋಹದ ರೆಕ್ಕೆ ಇರುತ್ತದೆ, ಆ ರೆಕ್ಕೆಗಳನ್ನು ಅಕ್ಕಪಕ್ಕದ ಹಲ್ಲುಗಳ ಹಿಂದೆ ಅಂಟಿಸುತ್ತಾರೆ. ನೋಡಲು ಚೆಂದ, ಆದರೆ ಹೊರೆ ಹೊರುವಂಥದ್ದಲ್ಲ.

ಶಾಲೆಯವರು ಚಂಡಿಯನ್ನು ತಿಂಗಳ ಮಟ್ಟಿಗೆ ಹೊರಗಿಟ್ಟಿದ್ದರು. ಮನೆಯಲ್ಲಿ ಒಬ್ಬಳನ್ನೇ ಬಿಡುವ ಧೈರ್ಯ ನನಗಿರಲಿಲ್ಲ. ಲ್ಯಾಬಿಗೆ ಎಳೆದುಕೊಂಡು ಬಂದು ಏಪ್ರನ್ ಕಟ್ಟಿ ಪ್ಲಾಸ್ಟರ್ ಕಲಸಲು ಹಚ್ಚಿದೆ. ಪ್ಲಾಸ್ಟರಿಗೆ ಅದರದೇ ಮರ್ಯಾದೆ ಇದೆ. ಮೊದಲು ನೀರು, ಆಮೇಲೆ ಪುಡಿ, ನಿಧಾನವಾಗಿ ಕಲಸಿ, ಬಟ್ಟಲನ್ನು ಮೇಜಿಗೆ ಮೆಲ್ಲಗೆ ಕುಟ್ಟಿ ಒಳಗಿನ ಗುಳ್ಳೆಗಳನ್ನು ಮೇಲೆಬ್ಬಿಸಬೇಕು. ಗುಳ್ಳೆ ಉಳಿದರೆ ಹಲ್ಲಿನ ತುದಿಯಲ್ಲಿ ತೂತು ಬೀಳುತ್ತದೆ. ಇವಳು ಮೊದಲ ದಿನ ಬಟ್ಟಲು ಕುಟ್ಟಿದ ರಭಸಕ್ಕೆ ಗೋಡೆಯ ಗಡಿಯಾರಕ್ಕೂ ಬಿಳಿ ಬಣ್ಣ ಬಂತು.

“ಎಷ್ಟೊತ್ತು ಬೇಕು ಇದು ಗಟ್ಟಿಯಾಗೋಕೆ?” ಎಂದು ಸಿಡುಕಿದಳು.

“ಅದಕ್ಕೆ ಬೇಕಾದಷ್ಟು. ನೀನು ಬೈದ್ರೆ ಬೇಗ ಆಗಲ್ಲ. ನಾನು ನಿನ್ನನ್ನ ಬೈದು ನೋಡಿದೀನಲ್ಲ.”

ನಗು ಬಂದರೂ ನಗದೆ ಮುಖ ತಿರುಗಿಸಿಕೊಂಡಳು.

ಎರಡನೇ ಶನಿವಾರ ಸಂಜೆ ಅಂಗಡಿಗೆಂದು ಹೋಗಿ ಬಂದವಳ ಬಾಯಲ್ಲಿ ಮತ್ತೆ ಪುದೀನದ ವಾಸನೆ ಬಂತು. ನಾನು ಬಾಯಿಗೆ ಬೀಗ ಹಾಕಿಕೊಂಡೆ, ಏಕೆಂದರೆ ಬಾಯಿ ತೆರೆದಿದ್ದರೆ ಓಣಿಯೆಲ್ಲ ಕೇಳುತ್ತಿತ್ತು. ಮರುದಿನ ಭಾನುವಾರವಾದರೂ ಕೆಲಸ ಬಾಕಿಯಿದೆಯೆಂದು ಲ್ಯಾಬಿಗೆ ಕರೆತಂದೆ. ಒಬ್ಬ ಅಜ್ಜನ ಕೆಳದವಡೆಯನ್ನು ಎತ್ತಿ ಕೊಡು ಎಂದೆ. ಅವಳ ಕೈ ಸಣ್ಣಗೆ ನಡುಗಿ ಅಜ್ಜನ ದವಡೆ ನೆಲಕ್ಕೆ ಬಿದ್ದು ಮೂರು ಹೋಳಾಯಿತು. ಬಗ್ಗಿ ತುಂಡುಗಳನ್ನು ಆರಿಸಿದಳು. ಆಮೇಲೆ ತನ್ನ ಕೈಯನ್ನು ಮುಂದೆ ಚಾಚಿ ಬೆರಳುಗಳನ್ನೇ ನೋಡುತ್ತ ನಿಂತಳು. ನಾನು ಹೇಳಬೇಕಾದ್ದನ್ನು ಆ ಕೈಯೇ ಹೇಳುತ್ತಿತ್ತು.

ಆ ವಾರವೇ ಪೀಪಿಯ ಬಾಯಿಯ ಅಚ್ಚು ಮೇಲಿನಿಂದ ಇಳಿದು ಬಂತು. ನಾನೇ ಸುರಿಯುತ್ತೇನೆ ಎಂದರೆ ಚಂಡಿ ಬಿಡಲಿಲ್ಲ. ಉಸಿರು ಹಿಡಿದು ಕಲಸಿದಳು, ಮಗುವಿನ ಬೆನ್ನು ತಟ್ಟುವ ಹಾಗೆ ಬಟ್ಟಲು ತಟ್ಟಿದಳು. ಗಟ್ಟಿಯಾದ ಮೇಲೆ ಅಚ್ಚು ಬಿಡಿಸಿದರೆ ಪೀಪಿಯ ಹಲ್ಲಿನ ಸಾಲು ಬೆಳ್ಳಗೆ ಹೊರಬಂತು, ನಡುವೆ ಒಂದು ಖಾಲಿ ಜಾಗ. ಚಂಡಿ ಆ ಜಾಗಕ್ಕೆ ಕಿರುಬೆರಳ ತುದಿಯಿಟ್ಟಳು, ಅದು ಸರಿಯಾಗಿ ಕೂತಿತು. ಅವಳು ಅತ್ತದ್ದನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ. ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು.

ಆದರೆ ಕೆಲಸ ಕೆಲಸವೇ. ನಾನು ಆ ಬಾಯಿಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಖಾಲಿ ಜಾಗದ ಪಕ್ಕದ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಹಳ್ಳ ಕಂಡಿತು.

“ನೋಡು, ಗುಳ್ಳೆ ಬಿಟ್ಟಿದೀಯ.”

“ಅದು ಗುಳ್ಳೆ ಅಲ್ಲಮ್ಮ.”

“ನಂಗೆ ಹೇಳಿಕೊಡ್ಬೇಡ. ನೀನು ಹುಟ್ಟೋಕೆ ಮುಂಚೆಯಿಂದ ಗುಳ್ಳೆ ನೋಡಿದೀನಿ.”

“ಅಮ್ಮ, ನಿಜವಾಗ್ಲೂ—”

“ಸುಮ್ನಿರು.”

ಹಳ್ಳಕ್ಕೆ ಮೇಣ ತುಂಬಿ ನುಣ್ಣಗೆ ಮಾಡಿದೆ. ಚಂಡಿ ಹಲ್ಲು ಕಚ್ಚಿಕೊಂಡು ಸುಮ್ಮನಾದಳು. ಹಿಂದಿನ ಚಂಡಿಯಾಗಿದ್ದರೆ ಬಟ್ಟಲು ಹಾರುತ್ತಿತ್ತು. ಆ ಮೇಣದ ಅಳತೆಗೆ ನಾನು ಹೊಸ ಹಲ್ಲು ಮಾಡಿದೆ. ಬಣ್ಣ ನೋಡಲು ಪೀಪಿಯನ್ನು ಕಿಟಕಿಯ ಬಳಿ ಕೂರಿಸಿ, ಅವಳ ಹಲ್ಲಿನ ಮೇಲಿದ್ದ ಮಾಸಲು ಗೆರೆಯನ್ನೂ ಬಿಡದೆ ಬರೆದೆ, ಕಣ್ಣು ಬಣ್ಣ ಬಿಟ್ಟು ತುದಿಗೆ ಹೋಗಲೇ ಇಲ್ಲ. ಪಿಂಗಾಣಿ ಸುಡುವ ಒಲೆಯಿಂದ ಹೊರಬಂದಾಗ ಅದನ್ನು ನೋಡಿ ನನ್ನದೇ ದೃಷ್ಟಿ ತಗಲುವಷ್ಟು ಹೆಮ್ಮೆಪಟ್ಟೆ.

ಪರೀಕ್ಷೆ ಸೋಮವಾರ. ಶುಕ್ರವಾರ ಸಂಜೆ ಡಾಕ್ಟರಮ್ಮನ ಕುರ್ಚಿಯಲ್ಲಿ ಪೀಪಿಗೆ ಹಲ್ಲನ್ನು ಸುಮ್ಮನೆ ಕೂರಿಸಿ ನೋಡಿದೆವು. ಕನ್ನಡಿ ನೋಡಿ ಅವಳ ಕಣ್ಣು ತುಂಬಿತು. ಅವಳ ಅಪ್ಪ ಚೀಲದಿಂದ ಕ್ಲಾರಿನೆಟ್ ತೆಗೆದುಕೊಟ್ಟರು. ಊದಿದಳು. ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಸ್ವರ ಬಂತು. ಮತ್ತೆ ಊದಿದಳು, ಮತ್ತೆ ಅದೇ ಬೆಕ್ಕು. ವಾದ್ಯ ಬಾಯಲ್ಲಿ ಒಂದು ಕಡೆಗೆ ವಾಲುತ್ತಿತ್ತು.

“ಭಾರ ಎಲ್ಲಾ ಹೊಸ ಹಲ್ಲಿನ ಮೇಲೇ ಬೀಳ್ತಿದೆ,” ಎಂದರು ಡಾಕ್ಟರಮ್ಮ. “ಹೀಗಾದ್ರೆ ಅಂಟು ಎರಡು ದಿನವೂ ನಿಲ್ಲಲ್ಲ. ಯಾಕೆ ಹೀಗಾಯ್ತು?”

 ಪೀಪಿಯ ಅಪ್ಪನ ಮುಖ ಬಿಗಿಯಿತು. ಬಾಗಿಲ ಬಳಿ ನಿಂತಿದ್ದ ಚಂಡಿ ಮೆಲ್ಲಗೆ ಹೇಳಿದಳು, “ಅವಳ ಹಲ್ಲಲ್ಲಿ ಹಳ್ಳ ಇತ್ತು.”

“ಏನು?”

“ಊದಿ ಊದಿ ಮುಂದಿನ ಎರಡೂ ಹಲ್ಲು ಸವೆದು ನಡುವೆ ಹಳ್ಳ ಬಿದ್ದಿತ್ತು. ಅರ್ಧ ಈ ಹಲ್ಲಲ್ಲಿ, ಅರ್ಧ ಆ ಹಲ್ಲಲ್ಲಿ. ಇಲಿ ಹಾಗೆ ಕೊರ್ಕೊಂಡಿದೀಯ ಅಂತ ನಾನು ದಿನಾ ಆಡ್ಕೋತಿದ್ದೆ. ಕ್ಲಾರಿನೆಟ್ ಅದರಲ್ಲೇ ಕೂರೋದು.”

ಪೀಪಿ ನಾಲಿಗೆಯಿಂದ ಹೊಸ ಹಲ್ಲಿನ ತುದಿ ಸವರಿ ನೋಡಿ, “ಹೌದು ಆಂಟಿ, ನುಣ್ಣಗಿದೆ ಇದು,” ಎಂದಳು.

ನಾನು ಮೇಣ ತುಂಬಿದ್ದು ಪ್ಲಾಸ್ಟರಿನ ಗುಳ್ಳೆಗಲ್ಲ, ಆ ಹುಡುಗಿಯ ಇಷ್ಟು ವರ್ಷದ ಅಭ್ಯಾಸಕ್ಕೆ. ಮಗಳು ಹೇಳಿದ್ದಳು, ಕೇಳಲಿಲ್ಲ. ಅವಳ ಕೈಯಿಂದ ಒಳ್ಳೆಯದೇನೂ ಬರಲಾರದು ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಚಂಡಿ ನನ್ನತ್ತ ನೋಡಲಿಲ್ಲ. ‘ನಾನು ಹೇಳಿರಲಿಲ್ವಾ’ ಎನ್ನುವ ಒಳ್ಳೆಯ ಅವಕಾಶವನ್ನು ಅವಳು ಜನ್ಮದಲ್ಲೇ ಮೊದಲ ಸಲ ಬಿಟ್ಟುಕೊಟ್ಟಳು.

ಹೊಸ ಹಲ್ಲು ಮಾಡಲು ಸಮಯವಿರಲಿಲ್ಲ. ಇದೇ ಹಲ್ಲಿನ ತುದಿಯನ್ನು ಯಂತ್ರದ ಮೂತಿಯಲ್ಲಿ ತಿರುಗುವ ಸಣ್ಣ ಕಲ್ಲಿನಿಂದ ಕೊರೆಯಬೇಕು. ಪಿಂಗಾಣಿ, ಒಂದು ಕೂದಲೆಳೆ ಹೆಚ್ಚಾದರೂ ಬಿರುಕು. ಬಿರುಕು ಬಿಟ್ಟರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಸ್ಟೇಷನ್ ಮೆಟ್ಟಿಲು. ನಾಳೆ ನಾನೇ ಕೊರೆದು ಕೊಡುತ್ತೇನೆ ಎಂದೆ.

“ಅವಳೇ ಕೊರೀಲಿ,” ಎಂದಳು ಪೀಪಿ. “ಎಲ್ಲಿತ್ತು, ಎಷ್ಟಿತ್ತು ಅಂತ ಅವಳಿಗೇ ಗೊತ್ತು. ನಂಗೂ ಅಷ್ಟು ಗೊತ್ತಿಲ್ಲ.”

“ಮುರಿದವಳ ಕೈಗಾ?” ಎಂದರು ಅವಳ ಅಪ್ಪ.

“ಮುರಿದವಳ ಕೈಗೇ, ಅಪ್ಪ.”

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡಿದೆ, ಸುಣ್ಣದಂತೆ ಬಿಳಿಚಿತ್ತು. ಭಾನುವಾರ ಬೆಳಿಗ್ಗೆ ಕೊರೆಯುವುದು, ಮಧ್ಯಾಹ್ನ ಅಂಟಿಸುವುದು ಎಂದಾಯಿತು. ರಜೆಯ ದಿನ ಕ್ಲಿನಿಕ್ ತೆರೆಯಲು ಒಪ್ಪಿದ ಆ ಪುಣ್ಯಾತ್ಗಿತ್ತಿಯನ್ನು ನಾನು ಹಿಂದೆ ಎಷ್ಟೋ ಸಲ ಬೈದುಕೊಂಡದ್ದುಂಟು, ಅದೆಲ್ಲ ವಾಪಸ್ ಪಡೆದಿದ್ದೇನೆ.

ಶನಿವಾರವಿಡೀ ಚಂಡಿ ಕೆಟ್ಟುಹೋದ ಹಲ್ಲುಗಳ ಡಬ್ಬಿ ಮುಂದಿಟ್ಟುಕೊಂಡು ಕೊರೆಯುವುದನ್ನು ಕಲಿತಳು. ಒಂದರ ಮೇಲೊಂದು ಬಿರುಕು ಬಿಟ್ಟವು. ಒಮ್ಮೆ ಯಂತ್ರ ಕೆಳಗಿಟ್ಟು ಮುಷ್ಟಿ ಬಿಗಿದಳು. ಈಗ ಏನೋ ಹಾರುತ್ತದೆ ಎಂದು ನಾನು ನನ್ನ ಒಳ್ಳೆಯ ಹಲ್ಲುಗಳ ತಟ್ಟೆಯನ್ನು ಈಚೆಗೆ ಎಳೆದುಕೊಂಡೆ. ಅವಳು ಅದನ್ನು ಕಂಡು, “ಹೆದರ್ಬೇಡ,” ಎಂದು ಎದ್ದುಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಸಂಜೆಯ ಹೊತ್ತಿಗೆ ಸಾಲಾಗಿ ನಾಲ್ಕೈದು ಹಲ್ಲು ಬಿರುಕಿಲ್ಲದೆ ಬಂದವು.

ಆಗ ಕಿಟಕಿಯ ಹೊರಗೆ ಸೈಕಲ್ ಬೆಲ್ಲಾಯಿತು. ಅವಳ ಕ್ಲಾಸಿನ ಇಬ್ಬರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ತನ್ನ ಬ್ಯಾಗನ್ನು ತಟ್ಟಿ ತೋರಿಸಿದ. ಒಳಗೇನಿದೆ ಎಂದು ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ. ಚಂಡಿ ಏಪ್ರನ್‌ನಲ್ಲೇ ಹೊರಗೆ ಹೋದಳು. ಧೂಳಿಗೆಂದು ಕಿಟಕಿ ಮುಚ್ಚಿತ್ತು, ಮಾತು ಕೇಳುತ್ತಿರಲಿಲ್ಲ. ಕರೆಯಲೇ ಎಂದು ನಾಲಿಗೆ ತುದಿಗೆ ಬಂತು. ಕರೆದರೆ ನನ್ನ ಮೇಲಿನ ಹಠಕ್ಕಾದರೂ ಹೋಗುತ್ತಾಳೆ, ಕರೆಯದಿದ್ದರೆ ಅವರ ಕರೆಗೆ ಹೋಗುತ್ತಾಳೆ. ಜೀವ ಕೈಯಲ್ಲಿ ಹಿಡಿದು ಗಾಜಿನ ಹಿಂದೆ ನಿಂತೆ. ಹುಡುಗಿ ಅವಳ ತೋಳು ಹಿಡಿದೆಳೆದಳು. ಚಂಡಿ ಕೈ ಎತ್ತಿದಳು. ಹೊಡೆದೇಬಿಟ್ಟಳು ಎಂದುಕೊಂಡೆ. ಹೊಡೆಯಲಿಲ್ಲ, ಕೈಯನ್ನು ಅವರಿಬ್ಬರ ಮುಂದೆ ಚಾಚಿ, ಬೆರಳು ಅಗಲಿಸಿ, ನೋಡಿ ಎನ್ನುವಂತೆ ಹಿಡಿದಳು. ಅವರು ನಕ್ಕರು, ಏನೋ ಅಂದರು, ಸೈಕಲ್ ತಿರುಗಿಸಿಕೊಂಡು ಹೋದರು.

“ಏನಂದೆ ಅವರಿಗೆ?” ಒಳಗೆ ಬಂದ ಮೇಲೆ ಕೇಳಿದೆ.

“ನಾಳೆ ಬೆಳಗ್ಗೆ ಕೆಲಸ ಇದೆ, ಕೈ ನಡುಗಬಾರದು ಅಂದೆ.”

“ಅವರೇನಂದ್ರು?”

“ಒಂದು ಗುಟುಕು ಹಾಕಿದ್ರೆ ನಡುಕ ತಾನಾಗೇ ನಿಲ್ಲತ್ತೆ ಅಂದ ಅವನು.”

“ಅದಕ್ಕೆ?”

“ಮೊದ್ಲು ಸೈಕಲ್ ನೆಟ್ಟಗೆ ಹಿಡ್ಕೊ ಅಂದೆ.”

ಅವಳು ಮತ್ತೆ ಕೂತು ಇನ್ನೊಂದು ಕೆಟ್ಟ ಹಲ್ಲು ಎತ್ತಿಕೊಂಡಳು. ನಾಳೆ ಎಂಬ ಮಾತು ನನ್ನ ಮಗಳ ಬಾಯಿಂದ, ಯಾರೂ ಕೇಳದೆ, ತಾನಾಗಿಯೇ ಬಂದಿತ್ತು. ಆ ನಾಳೆಯೂ ಭಾನುವಾರವೇ. ನಾನು ಒಲೆಯ ಕಡೆ ತಿರುಗಿ, ಆರಿದ್ದ ಒಲೆಯನ್ನು ಮತ್ತೊಮ್ಮೆ ಆರಿಸಿದೆ.

ಬೆಳಿಗ್ಗೆ ಅವಳು ತಿಂಡಿ ಮುಗಿಸಿ, ಕೈ ತೊಳೆದು, ದೀಪದ ಕೆಳಗೆ ಕೂತಳು. ನಾನು ಪ್ಲಾಸ್ಟರಿನ ಬಾಯಿಯಿಂದ ಮೇಣವನ್ನು ಕೆದಕಿ ತೆಗೆದು ಅವಳ ಮುಂದಿಟ್ಟೆ. ಹಳ್ಳದ ಅರ್ಧ ಅಲ್ಲಿತ್ತು, ಉಳಿದರ್ಧ ಅವಳ ನೆನಪಿನಲ್ಲಿತ್ತು. ಕಲ್ಲು ತಿರುಗಿತು. ನಾನು ನೋಡಲಾರದೆ ಗಡಿಯಾರದ ಮೇಲಿನ ಬಿಳಿ ಕಲೆಗಳನ್ನು ನೋಡಿದೆ. ಅವಳು ಸ್ವಲ್ಪ ಕೊರೆಯುವಳು, ಊದುವಳು, ಉಗುರಿನಿಂದ ಸವರುವಳು, ಮತ್ತೆ ಕೊರೆಯುವಳು. ಕೊನೆಗೆ ಯಂತ್ರ ನಿಲ್ಲಿಸಿ ಹಲ್ಲನ್ನು ನನ್ನ ಅಂಗೈಯಲ್ಲಿಟ್ಟಳು. ಭೂತಗನ್ನಡಿ ಇಟ್ಟು ನೋಡಿದೆ. ಬಿರುಕಿರಲಿಲ್ಲ. ನಾನು ಮಾಡಿದ ಚೆಂದದ ಹಲ್ಲು ಈಗ ಸ್ವಲ್ಪ ಕುಂದಾಗಿತ್ತು, ಪೀಪಿಯದಾಗಿತ್ತು.

ಸೋಮವಾರ ಸಂಗೀತ ಶಾಲೆಯ ಕಾರಿಡಾರಿನಲ್ಲಿ ಒಂದೇ ಬೆಂಚಿತ್ತು. ಪೀಪಿಯ ಅಪ್ಪ ಒಂದು ತುದಿಯಲ್ಲಿ, ನಾನೂ ಚಂಡಿಯೂ ಇನ್ನೊಂದು ತುದಿಯಲ್ಲಿ, ನಡುವೆ ಮೂರು ಜನ ಕೂರುವಷ್ಟು ಜಾಗ. ಮುಚ್ಚಿದ ಬಾಗಿಲಿನಾಚೆ ಮೊದಲು ಯಾರದೋ ಗಂಟಲು ಸರಿಮಾಡಿಕೊಂಡ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಕ್ಲಾರಿನೆಟ್. ಕೆಳಗಿನಿಂದ ಮೆಲ್ಲಗೆ ಎದ್ದ ಸ್ವರ ಮೇಲೆ ಮೇಲೆ ಹೋಯಿತು, ಒಂದು ಕಡೆ ನಿಂತಿತು, ನಿಂತೇ ಇತ್ತು. ನನಗೆ ರಾಗ ತಾಳ ತಿಳಿಯದು. ಆ ಉದ್ದನೆಯ ಸ್ವರದ ಅಡಿಯಲ್ಲಿ ಎರಡು ಲೋಹದ ರೆಕ್ಕೆಗಳು ಹೊರೆ ಹೊತ್ತು ನಿಂತಿರುವುದಷ್ಟೇ ನನಗೆ ಕಾಣುತ್ತಿತ್ತು. ಚಂಡಿ ನನ್ನ ಕೈ ಹಿಡಿದಿದ್ದಳು, ಬೆರಳು ನೋಯುವಷ್ಟು. ಸ್ವರ ಮುರಿಯಲಿಲ್ಲ. ಅದು ತಾನೇ ತೃಪ್ತಿಯಾಗಿ ಕೆಳಗಿಳಿಯಿತು, ಆಮೇಲಿನ ವೇಗದ ಭಾಗವೂ ಎಡವದೆ ಮುಗಿಯಿತು.

ಪೀಪಿಯ ಅಪ್ಪ ಎದ್ದರು. ಕಾರಿಡಾರಿನ ಕೊನೆಯ ಕ್ಯಾಂಟೀನಿನಿಂದ ನಾಲ್ಕು ಟೀ ತಂದರು. ಒಂದನ್ನು ಚಂಡಿಯ ಕೈಗೆ ಕೊಟ್ಟು, “ಬಿಸಿ ಇದೆ, ನಿಧಾನ,” ಎಂದರು. ಸ್ಟೇಷನ್ ಮೆಟ್ಟಿಲಿನ ಮಾತು ಅಲ್ಲಿಗೆ ಮುಗಿಯಿತು. ಈ ಸಲ ನಡುವೆ ಜಾಗ ಬಿಡದೆ ಅವರು ನಮ್ಮ ಪಕ್ಕದಲ್ಲೇ ಕೂತರು.

ಪೀಪಿ ಹೊರಬಂದು ನೇರ ಚಂಡಿಯ ಎದುರು ನಿಂತು ಬಾಯಿ ತೆರೆದು ತೋರಿಸಿದಳು. ಹಲ್ಲು ಕೂತಲ್ಲೇ ಇತ್ತು.

“ನಾಚಿಕೆ ಆಗತ್ತೆ ಅಂದಿದ್ದೆ ನೀನು,” ಎಂದಳು ಚಂಡಿ. “ಆಯ್ತು. ಆಗ್ತಾನೇ ಇದೆ.”

“ಗೊತ್ತು,” ಎಂದು ಪೀಪಿ ಟೀಗೆ ಕೈ ಚಾಚಿದಳು. “ಆಂಟಿ, ಈ ಹಲ್ಲು ಎಷ್ಟು ದಿನ ಬರತ್ತೆ?”

“ನಿನ್ನ ದವಡೆ ಬೆಳೆಯೋದು ನಿಲ್ಲೋ ತನಕ ಕಣಮ್ಮ. ಆಮೇಲೆ ಪಕ್ಕಾ ಹಲ್ಲು.”

“ಅದನ್ನೂ ಇವಳೇ ಮಾಡ್ಲಿ. ಆದ್ರೆ ಕುಡ್ಕೊಂಡು ಬಂದ್ರೆ ನಾನು ಬಾಯಿ ತೆರೆಯಲ್ಲ.”

ಅವಳ ಅಪ್ಪ ನಕ್ಕುಬಿಟ್ಟರು. ಚಂಡಿ ನಗಲಿಲ್ಲ, ಯೋಚಿಸುತ್ತ ಟೀ ಕುಡಿದಳು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು.  ಎರಡು ಸ್ಟಾಪು ಕಳೆದ ಮೇಲೆ ಚಂಡಿ ಕೇಳಿದಳು:

“ಅಮ್ಮ, ಅವಳ ದವಡೆ ನಿಲ್ಲೋ ಹೊತ್ತಿಗೆ ನಂಗೆ ಇಪ್ಪತ್ತು ಇಪ್ಪತ್ತೊಂದು ಆಗಿರತ್ತೆ ಅಲ್ವಾ?”

“ಆಗಿರತ್ತೆ.”

“ಪಕ್ಕಾ ಹಲ್ಲು ಮಾಡೋದು ಕಲಿಯೋಕೆ ಎಷ್ಟು ವರ್ಷ ಬೇಕು?”

“ಹೆಚ್ಚುಕಮ್ಮಿ ಅಷ್ಟೇ ಬೇಕು.”

“ಹಾಗಾದ್ರೆ ಈಗ ಶುರು ಮಾಡಿದ್ರೆ ಸರಿಹೋಗತ್ತೆ,” ಎಂದಳು.

  ಕ್ಯಾಲೆಂಡರಿನ ಆ ಒಂದು ಚೌಕದಾಚೆಯ ಗೋಡೆಯಲ್ಲಿ ನನ್ನ ಮಗಳಿಗೆ ಬಾಗಿಲು ಕಂಡಿತ್ತು, ಅದನ್ನು ತೆರೆದವಳು ಇವಳ ಕೈಯಲ್ಲಿ ಹಲ್ಲು ಕಳೆದುಕೊಂಡ ಹುಡುಗಿ. ಮನಸ್ಸಿನಲ್ಲೇ ಆ ಮಗುವಿಗೆ ನಮಸ್ಕಾರ ಮಾಡಿ ಕಿಟಕಿಯ ಕಡೆ ತಿರುಗಿದೆ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಚಂಡಿ ನನ್ನ ಭುಜಕ್ಕೆ ತಲೆಯಿಟ್ಟು, “ನಾಳೆ ಎಷ್ಟು ಹೊತ್ತಿಗೆ ಲ್ಯಾಬಿಗೆ ಹೊರಡೋದು?” ಎಂದು ಕೇಳಿದಳು.